ಪಟ್ಟಿಯ ಮೊದಲ ಊರು

2014ರ ಫೆಬ್ರುವರಿಯ ಒಂದು ರಾತ್ರಿ. ನಾಳೆಯ ದೋಸೆಗೆ ಹಿಟ್ಟು ರುಬ್ಬಿ ಗ್ರೈಂಡರ್ ತೊಳೆಯುತ್ತಿದ್ದೆ. ಬೆಂಗಳೂರಿನಿಂದ ಮಗಳ ಫೋನು ಬಂತು. "ಅಮ್ಮ, ಪಟ್ಟಿ ಬರೆದು ಮುಗಿಸ್ದೆ" ಅಂದಳು. ಅವಳು ಎಂ.ಬಿ.ಬಿ.ಎಸ್. ಮುಗಿಸಿದವಳು. ಅಮೆರಿಕದಲ್ಲಿ ರೆಸಿಡೆನ್ಸಿ, ಅಂದರೆ ನಮ್ಮ ಎಂ.ಡಿ.ಯಂಥ ತರಬೇತಿ, ಮಾಡಬೇಕೆಂದು ಹಟ ಹಿಡಿದು ಓದಿ, ಅಲ್ಲಿಯ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದಳು. ಆ ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ಐದು ಆಸ್ಪತ್ರೆಗಳ ಸಂದರ್ಶನವನ್ನೂ ಮುಗಿಸಿ ಬಂದಿದ್ದಳು. ಆ ಎರಡು ತಿಂಗಳು ಅವಳ ಎರಡು ವರ್ಷದ ಮಗು ಹಾಸನದಲ್ಲಿ ನನ್ನ ಮಗ್ಗುಲಲ್ಲೇ ಮಲಗುತ್ತಿತ್ತು.

"ಮೊದಲನೇದು ನ್ಯೂಯಾರ್ಕ್ ತಾನೇ?" ಅಂದೆ.

"ಅಲ್ಲಮ್ಮ, ಪಿಟ್ಸ್‌ಬರ್ಗ್. ನ್ಯೂಯಾರ್ಕ್ ಮೂರನೇದು."

ನನಗೆ ಸಿಟ್ಟೇ ಬಂತು. ನ್ಯೂಯಾರ್ಕಿನ ಆ ಆಸ್ಪತ್ರೆಯ ಹೆಸರನ್ನು ನಾನು ಆಗಲೇ ನಮ್ಮ ಬೀದಿಯ ನಾಲ್ಕು ಮನೆಗೆ ಹಂಚಿಯಾಗಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ, ಭೂಗೋಳ ಪಾಠ ಮಾಡಿದ ನನಗೆ ಪಿಟ್ಸ್‌ಬರ್ಗ್ ಎಂದರೆ ಗೊತ್ತಿದ್ದದ್ದು ಒಂದೇ: ಉಕ್ಕಿನ ನಗರ, ಒಂದು ಅಂಕದ ಪ್ರಶ್ನೆ. "ಆ ಹೊಗೆಯ ಊರಿಗೆ ಮಗು ಕಟ್ಟಿಕೊಂಡು ಯಾಕೇ ಹೋಗ್ತೀಯ?" ಎಂದು ಕೇಳಿದೆ. "ಬಾಡಿಗೆ ಕಡಿಮೆ ಅಮ್ಮ. ಮಗೂನ ಬಿಡೋ ಜಾಗ ಆಸ್ಪತ್ರೆಗೆ ಹತ್ತಿರ. ದೊಡ್ಡಮ್ಮನ ಮನೆಗೆ ಕಾರಿನಲ್ಲಿ ಎರಡೂವರೆ ಗಂಟೆ" ಅಂದಳು. ಇಷ್ಟೆಲ್ಲ ಓದಿ ಕಡೆಗೆ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿದ ಹಾಗೆ ಊರು ಆರಿಸುವುದೇ ಅನ್ನಿಸಿತು. ಮಾತು ಬೆಳೆಸದೆ ಫೋನಿಟ್ಟೆ. ನಿದ್ದೆ ಬರಲಿಲ್ಲ.

ನಿವೃತ್ತಳಾದರೂ ಮೇಷ್ಟರಿಕೆಯ ಚಟ ಹೋಗುವುದಿಲ್ಲ. ಮಗಳ ಜೊತೆ ಜಗಳ ಆಡುವುದಾದರೂ ವಿಷಯ ತಿಳಿದು ಆಡೋಣವೆಂದು ಮರುದಿನದಿಂದ ಓದಲು ಕುಳಿತೆ. ಮೊದಲು ಹಿಡಿದದ್ದು ಆ ಪದವನ್ನೇ. ರೆಸಿಡೆಂಟ್ ಎಂದರೆ ವಾಸವಾಗಿರುವವನು. ಎಲ್ಲಿ ವಾಸ? ಆಸ್ಪತ್ರೆಯಲ್ಲೇ.

1889ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ಬಾಗಿಲು ತೆರೆಯಿತು. ಅಲ್ಲಿ ವಿಲಿಯಂ ಆಸ್ಲರ್ ವೈದ್ಯ ವಿಭಾಗಕ್ಕೂ, ವಿಲಿಯಂ ಹಾಲ್‌ಸ್ಟೆಡ್ ಶಸ್ತ್ರಚಿಕಿತ್ಸೆಗೂ ಮುಖ್ಯಸ್ಥರು. ಓದು ಮುಗಿಸಿದ ತರುಣ ವೈದ್ಯರು ಹಗಲು ರಾತ್ರಿ ಆಸ್ಪತ್ರೆಯಲ್ಲೇ ಇದ್ದು, ವರ್ಷಗಟ್ಟಲೆ ರೋಗಿಗಳ ಹಾಸಿಗೆಯ ಪಕ್ಕದಲ್ಲೇ ಕಲಿಯಬೇಕೆಂಬ ಪದ್ಧತಿ ಅಮೆರಿಕದಲ್ಲಿ ಬೇರು ಬಿಟ್ಟದ್ದು ಅಲ್ಲಿಂದ. ಊಟ, ಹಾಸಿಗೆ, ಬಟ್ಟೆ ಒಗೆತ ಆಸ್ಪತ್ರೆಯದು. ಸಂಬಳ ಎಂಬುದು ಹೆಸರಿಗಷ್ಟೇ, ಎಷ್ಟೋ ಕಡೆ ಅದೂ ಇಲ್ಲ. ಮದುವೆಯಾಗದವರಾದರೆ ಒಳ್ಳೆಯದೆಂಬುದು ಎಲ್ಲರೂ ಒಪ್ಪಿಕೊಂಡ ನಿಯಮ. ಒಂದು ರೀತಿಯಲ್ಲಿ ಗುರುಕುಲವಾಸ, ಬ್ರಹ್ಮಚರ್ಯವೂ ಸೇರಿ. ಅಂಥವನಿಗೆ ಯಾವ ಊರಾದರೇನು? ಊರಿನ ಬಾಡಿಗೆ ಅವನಿಗೆ ತಟ್ಟುವುದಿಲ್ಲ.

ಆದರೆ ಗುರುಗಳ ಕಥೆಯೇ ಬೇರೆ. ಆಸ್ಲರ್ 1892ರಲ್ಲಿ, ನಲವತ್ತೆರಡರ ವಯಸ್ಸಿನಲ್ಲಿ, ಮದುವೆಯಾದರು. ಹಾಲ್‌ಸ್ಟೆಡ್ ಅವರ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ದಾದಿ ಇದ್ದರು. ಕ್ರಿಮಿನಾಶಕ ದ್ರಾವಣಕ್ಕೆ ಆಕೆಯ ಕೈಚರ್ಮ ಸುಲಿದು ಹುಣ್ಣಾಗುತ್ತಿತ್ತು. ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪೆನಿಗೆ ಹೇಳಿ ಆಕೆಗೆಂದೇ ತೆಳುವಾದ ಕೈಗವಸು ಮಾಡಿಸಿದರು. ಇಂದು ಜಗತ್ತಿನ ಡಾಕ್ಟರುಗಳೆಲ್ಲ ಹಾಕುವ ಕೈಗವಸಿನ ಕಥೆಯಲ್ಲಿ ಹೀಗೆ ಒಬ್ಬ ಹೆಣ್ಣುಮಗಳ ಉರಿಯುವ ಕೈಗಳಿವೆ. 1890ರಲ್ಲಿ ಇಬ್ಬರೂ ಮದುವೆಯಾದರು. ಕೆಲಸ ಬಿಟ್ಟವರು ಯಾರೆಂದು ನಾನು ಹೇಳಬೇಕಾಗಿಲ್ಲ.

ಇದೇ ಹಾಪ್‌ಕಿನ್ಸಿನ ವೈದ್ಯಕೀಯ ಕಾಲೇಜು 1893ರಲ್ಲಿ ಶುರುವಾಗಲು ಕಾರಣವೂ ಹೆಂಗಸರೇ. ಆಸ್ಪತ್ರೆ ಕಟ್ಟಿದರೂ ಕಾಲೇಜಿಗೆ ದುಡ್ಡು ಸಾಲದೆ ನಿಂತುಹೋಗಿತ್ತು. ರೈಲ್ವೆ ಒಡೆಯನ ಮಗಳು ಮೇರಿ ಗ್ಯಾರೆಟ್ ಮತ್ತು ಅವರ ಗೆಳತಿಯರು ಐದು ಲಕ್ಷ ಡಾಲರ್ ನಿಧಿ ಕೂಡಿಸಿದರು. ಅದರಲ್ಲಿ ಹೆಚ್ಚಿನದು ಮೇರಿಯ ಸ್ವಂತ ಹಣ. ಕೊಡುವಾಗ ಒಂದು ಷರತ್ತು ಹಾಕಿದರು: ಗಂಡಸರಿಗೆ ಯಾವ ನಿಯಮವೋ ಅದೇ ನಿಯಮದಲ್ಲಿ ಹೆಂಗಸರನ್ನೂ ಸೇರಿಸಿಕೊಳ್ಳಬೇಕು. ಮೊದಲ ತಂಡದಲ್ಲೇ ಮೂವರು ಹೆಂಗಸರಿದ್ದರು. ಇದನ್ನು ಓದಿ ನನಗೆ ಹಿಗ್ಗಾಯಿತು. ಆದರೆ ಒಂದು ವಿಷಯ ಗಮನಿಸಿ. ಕಾಲೇಜಿನ ಬಾಗಿಲು ಹೆಂಗಸಿಗೆ ತೆರೆಯಿತು. ಆಸ್ಪತ್ರೆಯ ವಾಸ ಮಾತ್ರ ಮನೆ, ಮಗು ಇಲ್ಲದವರ ಅಳತೆಗೇ ಹೊಲಿದ ಅಂಗಿಯಾಗಿ ಉಳಿಯಿತು.

ಎರಡನೆಯ ಮಹಾಯುದ್ಧದ ನಂತರ ಅಂಗಿ ಬಿಗಿಯಾಗತೊಡಗಿತು. ಸೈನ್ಯದಿಂದ ಹಿಂತಿರುಗಿದ ವೈದ್ಯರಲ್ಲಿ ಅನೇಕರಿಗೆ ಹೆಂಡತಿ, ಮಕ್ಕಳಿದ್ದರು. ನಿಧಾನವಾಗಿ ಸಂಬಳ ಬಂತು. ರೆಸಿಡೆಂಟರು ಆಸ್ಪತ್ರೆಯ ಹೊರಗೆ ಮನೆ ಮಾಡಿದರು. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಸಡಿಲಿಸಿತು. ವೃದ್ಧರಿಗಾಗಿ ಮೆಡಿಕೇರ್ ಎಂಬ ಸರ್ಕಾರಿ ವಿಮೆಯೂ ಅದೇ ವರ್ಷ ಬಂತು. ಡಾಕ್ಟರುಗಳು ಸಾಲದಾದರು. ನಮ್ಮ ದೇಶದಿಂದ ಸಾವಿರಾರು ಜನ ಹೋದದ್ದು ಆ ಕಾಲದಲ್ಲಿ. ನಮ್ಮ ಭಾವನೂ ಅವರಲ್ಲಿ ಒಬ್ಬರು. 1971ರಲ್ಲಿ ಅಕ್ಕ, ಭಾವ ಈರಿ ಸರೋವರದ ದಂಡೆಯ ಊರಿಗೆ ಹೋದರು. ಅಕ್ಕನಿಂದ ತಿಂಗಳಿಗೊಂದು ನೀಲಿ ಏರೋಗ್ರಾಂ ಬರುತ್ತಿತ್ತು. "ನಾವೆಲ್ಲ ಕ್ಷೇಮ, ಇಲ್ಲಿ ಹಿಮ ಬಿದ್ದಿದೆ, ನೋಡಲು ಚೆಂದ" ಎಂದೇ ಎಲ್ಲ ಕಾಗದ. ಅಮ್ಮ ಅವನ್ನು ಬೀದಿಗೆಲ್ಲ ಓದಿ ಹೇಳುತ್ತಿದ್ದಳು. ಹೆಸರು ಹಂಚುವ ಗುಣ ನನಗೆ ಎಲ್ಲಿಂದ ಬಂತೆಂದು ಈಗ ತಿಳಿಯಿತಲ್ಲ.

ಮಗಳ ಮೇಲೆ ದೂರು ಹೇಳಲೆಂದೇ ನಾನು ಆ ವಾರ ಅಕ್ಕನಿಗೆ ಫೋನು ಮಾಡಿದೆ. "ನೀನಾದ್ರೂ ಬುದ್ಧಿ ಹೇಳೇ ಅಕ್ಕ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗೊಂದು ವಿಷಯ ನಾನು ಬರೆದೇ ಇಲ್ಲ ಕಣೇ" ಅಂದಳು. 1972ರ ಚಳಿಗಾಲವಂತೆ. ಭಾವನಿಗೆ ಮೂರು ದಿನಕ್ಕೊಮ್ಮೆ ಇಡೀ ರಾತ್ರಿಯ ಡ್ಯೂಟಿ. ಮಗುವಿಗೆ ಎಂಟು ತಿಂಗಳು. ಒಂದು ರಾತ್ರಿ ಉಸಿರು ಎಳೆಯಲು ಒದ್ದಾಡಿ ಮಗುವಿನ ತುಟಿ ನೀಲಿಯಾಯಿತು. ಅಕ್ಕನಿಗೆ ಕಾರು ನಡೆಸಲು ಬರುತ್ತಿರಲಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೆ. ಆಸ್ಪತ್ರೆಗೆ ಫೋನು ಮಾಡಿದರೆ, ಡ್ಯೂಟಿಯಲ್ಲಿರುವವರನ್ನು ಕಳಿಸಲಾಗದು ಎಂಬ ಉತ್ತರ. ಎದುರುಮನೆಯ ಮುದುಕಿ ರಾತ್ರಿಯ ಬಟ್ಟೆಯಲ್ಲೇ ಬಂದು, ಹಿಮದಲ್ಲಿ ಕಾರು ಓಡಿಸಿಕೊಂಡು ಮಗುವನ್ನು ಉಳಿಸಿದಳು. "ಅವತ್ತು ನನಗೆ ಭಾವನ ಆಸ್ಪತ್ರೆಯ ಹೆಸರು ದೊಡ್ಡದೋ ಚಿಕ್ಕದೋ ಅನ್ನೋದು ಉಪಯೋಗಕ್ಕೆ ಬರಲಿಲ್ಲ. ಎದುರುಮನೆ ಉಪಯೋಗಕ್ಕೆ ಬಂತು" ಅಂದಳು ಅಕ್ಕ. ಆ ತಿಂಗಳ ಏರೋಗ್ರಾಂ ನನಗೆ ನೆನಪಿಲ್ಲ. ಅದರಲ್ಲೂ ಹಿಮ ಚೆಂದವೆಂದೇ ಇದ್ದಿರಬೇಕು.

ಅಲ್ಲಿಂದ ಮುಂದೆ ನಾನು ಮಗಳ ಪಟ್ಟಿಯನ್ನೇ ಬೇರೆ ಕಣ್ಣಿನಿಂದ ನೋಡಿದೆ. ಈ ಪಟ್ಟಿಗೂ ಒಂದು ಚರಿತ್ರೆಯಿದೆ. ಹಿಂದೆ ಅಲ್ಲಿಯ ಆಸ್ಪತ್ರೆಗಳು ಒಳ್ಳೆಯ ವಿದ್ಯಾರ್ಥಿಗಳಿಗಾಗಿ ಪೈಪೋಟಿ ಬಿದ್ದು, ಓದು ಮುಗಿಯಲು ಎರಡು ವರ್ಷ ಇರುವಾಗಲೇ ಕಾದಿರಿಸತೊಡಗಿದವು. ಹುಡುಗಿ ಹೈಸ್ಕೂಲಿನಲ್ಲಿರುವಾಗಲೇ ಮಾತು ಮುಗಿಸಿಬಿಡುತ್ತಾರಲ್ಲ, ಹಾಗೆ. ಆಮೇಲೆ ತಂತಿ ಕಳಿಸಿ, ಗಂಟೆಗಳ ಲೆಕ್ಕದಲ್ಲಿ "ಒಪ್ಪುತ್ತೀಯೋ ಇಲ್ಲವೋ" ಎಂದು ಕೇಳುವ ಕಾಲ ಬಂತು. ಈ ಗೊಂದಲ ತಪ್ಪಿಸಲು 1952ರಿಂದ ಮ್ಯಾಚ್ ಎಂಬ ವ್ಯವಸ್ಥೆ ಜಾರಿಗೆ ಬಂತು. ಅಭ್ಯರ್ಥಿ ತನಗೆ ಇಷ್ಟವಾದ ಆಸ್ಪತ್ರೆಗಳನ್ನು ಒಂದು, ಎರಡು, ಮೂರು ಎಂದು ಬರೆಯಬೇಕು. ಆಸ್ಪತ್ರೆಗಳೂ ಅಭ್ಯರ್ಥಿಗಳನ್ನು ಹಾಗೆಯೇ ಬರೆಯುತ್ತವೆ. ಎರಡನ್ನೂ ಕೂಡಿಸಿ ಜೋಡಿ ಹೊಂದಿಸಲಾಗುತ್ತದೆ. ಜಾತಕ ಕೂಡಿಸುವ ಕೆಲಸವೇ, ಆದರೆ ಜೋಯಿಸರ ಬದಲು ಗಣಿತ.

ತಮಾಷೆಯೆಂದರೆ ಗಣಿತಜ್ಞರೂ ಇದನ್ನು ಮದುವೆಯ ಲೆಕ್ಕವೆಂದೇ ಕರೆದರು. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬಿಬ್ಬರು, ಗಂಡು ಹೆಣ್ಣುಗಳ ಇಷ್ಟದ ಪಟ್ಟಿಗಳಿಂದ ಮುರಿದುಬೀಳದ ಜೋಡಿಗಳನ್ನು ಮಾಡುವುದು ಹೇಗೆಂದು ತೋರಿಸಿದರು. ಆಸ್ಪತ್ರೆಗಳ ಪದ್ಧತಿಯೂ ಇದೇ ಜಾತಿಯದೆಂದು ಆಲ್ವಿನ್ ರಾತ್ 1984ರಲ್ಲಿ ಕಂಡುಕೊಂಡರು. ಅವರೇ ಸೇರಿ 1990ರ ದಶಕದ ಕೊನೆಯಲ್ಲಿ ಅದನ್ನು ಅಭ್ಯರ್ಥಿಗಳ ಇಷ್ಟಕ್ಕೆ ಹೆಚ್ಚು ಬೆಲೆ ಸಿಗುವಂತೆ ತಿದ್ದಿದರು. ಶಾಪ್ಲಿ, ರಾತ್ ಇಬ್ಬರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇದರ ಸಾರ ಇಷ್ಟು: ಪಟ್ಟಿಯಲ್ಲಿ ಜಾಣತನ ತೋರಿಸಿ ಲಾಭವಿಲ್ಲ. ಮನಸ್ಸಿನಲ್ಲಿ ನಿಜವಾಗಿ ಯಾವುದು ಮೊದಲೋ ಅದನ್ನೇ ಮೊದಲು ಬರೆಯುವುದು ಲೇಸು. ಹೆಣ್ಣುಮಕ್ಕಳಿಗೆ "ನಿನಗೆ ನಿಜವಾಗಿ ಏನು ಬೇಕು?" ಎಂದು ಕೇಳುವ ಅರ್ಜಿ ಎಷ್ಟಿವೆ ಹೇಳಿ? ನನ್ನ ಮಗಳು ಅದಕ್ಕೆ ನಿಜವನ್ನೇ ಬರೆದಿದ್ದಳು. ನನಗೆ ಸಿಟ್ಟು ಬಂದದ್ದು ಆ ನಿಜಕ್ಕೆ.

ಅವಳ ನೋಟುಪುಸ್ತಕ ನೋಡಿದೆ. ರೆಸಿಡೆಂಟರ ಸಂಬಳ ದೇಶದ ಯಾವ ಮೂಲೆಯಲ್ಲಾದರೂ ಹೆಚ್ಚುಕಡಿಮೆ ಒಂದೇ. ಬಾಡಿಗೆ ಮಾತ್ರ ಊರಿಗೊಂದು. ನ್ಯೂಯಾರ್ಕಿನಲ್ಲಿ ಒಂದು ಕೋಣೆಯ ಮನೆಗೆ ಕೊಡುವುದಕ್ಕಿಂತ ಕಡಿಮೆಗೆ ಪಿಟ್ಸ್‌ಬರ್ಗಿನಲ್ಲಿ ಎರಡು ಕೋಣೆಯ ಮನೆ ಇತ್ತು. ತರಬೇತಿಗೆ ಬರುವ ವಿದೇಶೀ ವೈದ್ಯರಿಗೆ ಸಾಮಾನ್ಯವಾಗಿ ಕೊಡುವುದು ಜೆ-1 ವೀಸಾ. ಜೊತೆಗೆ ಬರುವ ಗಂಡನಿಗೋ ಹೆಂಡತಿಗೋ ಕೆಲಸಕ್ಕೆ ಬೇರೆ ಅನುಮತಿ ಬೇಕು. ಅದು ಬರುವ ತನಕ ಒಂದೇ ಸಂಬಳದಲ್ಲಿ ಮೂರು ಹೊಟ್ಟೆ. ಕೆಲಸ ಶುರುವಾಗುವುದು ಬೆಳಕು ಹರಿಯುವ ಮೊದಲು, ಶಿಶುವಿಹಾರ ಮುಚ್ಚುವುದು ಸಂಜೆ ಆರಕ್ಕೆ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಹದಿನೆಂಟರ ಹುಡುಗಿ ಲಿಬ್ಬಿ ಜಯಾನ್ ತೀರಿಹೋದಾಗ, ನಿದ್ದೆಗೆಟ್ಟ ರೆಸಿಡೆಂಟರ ದುಡಿಮೆಯ ಬಗ್ಗೆ ದೇಶವೇ ಮಾತಾಡಿತು. 1989ರಲ್ಲಿ ಆ ರಾಜ್ಯದಲ್ಲೂ, 2003ರಲ್ಲಿ ಇಡೀ ದೇಶದಲ್ಲೂ ವಾರಕ್ಕೆ 80 ಗಂಟೆಯ ಮಿತಿ ಬಂತು. ಮಿತಿಯೇ ಎಂಬತ್ತು! ನಮ್ಮ ಕಚೇರಿಗಳ ಲೆಕ್ಕದಲ್ಲಿ ಎರಡು ವಾರದ ಕೆಲಸ. ಉಳಿದ ಗಂಟೆಗಳಲ್ಲಿ ಒಂದು ತಾಸು ಬಸ್ಸಿನಲ್ಲಿ ಹೋದರೂ ಅದು ಮಗುವಿನ ಪಾಲಿನದು ಎಂದು ಅವಳು ಲೆಕ್ಕ ಹಾಕಿದ್ದಳು.

ಮಾರ್ಚಿ ತಿಂಗಳ ಮೂರನೆಯ ಶುಕ್ರವಾರ ಫಲಿತಾಂಶ ಬಂತು. ಪಿಟ್ಸ್‌ಬರ್ಗೇ ಸಿಕ್ಕಿತು.

ಮರುವರ್ಷ ನಾನು ಮೊಮ್ಮಗಳನ್ನು ನೋಡಿಕೊಳ್ಳಲೆಂದು ಆರು ತಿಂಗಳು ಅಲ್ಲಿದ್ದೆ. ನನ್ನ ಭೂಗೋಳದ ಪಾಠ ಹಳೆಯದಾಗಿತ್ತು. ಮೂರು ನದಿಗಳು ಕೂಡುವ ಊರು. ಹೊಗೆ ಹೋಗಿ ಬಹಳ ಕಾಲವಾಗಿದೆ. ಬೆಟ್ಟಕ್ಕೆ ಅಂಟಿದ ಮನೆಗಳು, ಅವುಗಳ ನಡುವೆ ಊರ ತುಂಬ ಏಳುನೂರಕ್ಕೂ ಹೆಚ್ಚು ಮೆಟ್ಟಿಲುದಾರಿಗಳು. ನನ್ನ ಮಂಡಿ ಅವನ್ನು ಇನ್ನೂ ಮರೆತಿಲ್ಲ. ಜೋನಸ್ ಸಾಲ್ಕ್ ಅವರ ಪೋಲಿಯೊ ಲಸಿಕೆ ಸಿದ್ಧವಾದದ್ದು ಇಲ್ಲಿಯ ವಿಶ್ವವಿದ್ಯಾಲಯದಲ್ಲಿ. ಅದು ಪರಿಣಾಮಕಾರಿಯೆಂದು 1955ರಲ್ಲಿ ಲೋಕಕ್ಕೆ ಸಾರಿದರು. ಫ್ರೆಡ್ ರಾಜರ್ಸ್ ಎಂಬವರು ಪುಟ್ಟ ಮಕ್ಕಳಿಗಾಗಿ 1968ರಿಂದ 2001ರವರೆಗೆ ನಡೆಸಿದ ಟಿ.ವಿ. ಕಾರ್ಯಕ್ರಮವೂ ಈ ಊರಿನದೇ. 1895ರ ಕಾರ್ನೆಗಿ ಗ್ರಂಥಾಲಯದಲ್ಲಿ ಮೊಮ್ಮಗಳೂ ನಾನೂ ಬಿಟ್ಟಿಯಾಗಿ ಎಷ್ಟು ಮಧ್ಯಾಹ್ನ ಕಳೆದೆವೋ. ಪೆನ್ ಹಿಲ್ಸ್‌ನಲ್ಲಿ ನಮ್ಮವರು 1970ರ ದಶಕದಲ್ಲಿ ಕಟ್ಟಿದ ವೆಂಕಟೇಶ್ವರ ದೇವಸ್ಥಾನವಿದೆ. ಭಾನುವಾರ ಅಲ್ಲಿಯ ಹುಳಿಯನ್ನ ತಿಂದರೆ ಒಂದು ಹೊತ್ತಿನ ಅಡುಗೆ ಉಳಿಯಿತು.

ಆದರೆ ಬಾಡಿಗೆ ಯಾಕೆ ಕಡಿಮೆ ಎಂಬುದನ್ನೂ ಅಲ್ಲೇ ಕಂಡೆ. 1950ರಲ್ಲಿ ಆ ನಗರದಲ್ಲಿ 6.76 ಲಕ್ಷ ಜನರಿದ್ದರು. 2020ರ ಹೊತ್ತಿಗೆ 3.03 ಲಕ್ಷ. 1980ರ ದಶಕದಲ್ಲಿ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಹೆಸರಾಂತ ಹೋಮ್‌ಸ್ಟೆಡ್ ಕಾರ್ಖಾನೆ 1986ರಲ್ಲಿ. ಜನ ಕೆಲಸ ಹುಡುಕಿಕೊಂಡು ಹೋದರು, ಮನೆಗಳು ಉಳಿದವು. ಆಸ್ಪತ್ರೆಗಳೇ ಊರಿನ ದೊಡ್ಡ ಉದ್ಯೋಗದಾತರಾದವು. ಊರಿನ ಅತಿ ಎತ್ತರದ ಕಟ್ಟಡ ಉಕ್ಕಿನ ಕಂಪೆನಿಯ ಹೆಸರಿನದು. ಈಗ ಅದರ ನೆತ್ತಿಯ ಮೇಲೆ ಯುಪಿಎಂಸಿ ಎಂಬ ಆಸ್ಪತ್ರೆ ಸಂಸ್ಥೆಯ ಅಕ್ಷರಗಳಿವೆ. ಪಕ್ಕದ ಮನೆಯ ಅಜ್ಜಿಯ ಗಂಡ ಕಾರ್ಖಾನೆಯಲ್ಲಿದ್ದವರು. ಗಂಡುಮಕ್ಕಳಿಬ್ಬರೂ ಅದು ಮುಚ್ಚಿದ ವರ್ಷವೇ ಟೆಕ್ಸಾಸಿಗೆ ಹೋಗಿ ಅಲ್ಲೇ ಉಳಿದಿದ್ದರು. ನಮಗೆ ಅಗ್ಗವಾಗಿ ಸಿಕ್ಕಿದ್ದು ಅಂಥವರು ಬಿಟ್ಟುಹೋದ ಜಾಗ. ಆಕೆಗೆ ನಾನು ಚಿತ್ರಾನ್ನ ಕೊಟ್ಟರೆ, ಆಕೆ ನನ್ನ ಮೊಮ್ಮಗಳಿಗೆ ಉಣ್ಣೆಯ ಟೋಪಿ ಹೆಣೆದುಕೊಟ್ಟಳು.

ಜನವರಿಯ ಒಂದು ರಾತ್ರಿ ಮಗುವಿಗೆ ಜ್ವರ ಏರಿತು. ಮಗಳು ರಾತ್ರಿ ಡ್ಯೂಟಿಯಲ್ಲಿ. ಅಳಿಯ, ನಾನು ಹತ್ತು ನಿಮಿಷದಲ್ಲಿ ಮಕ್ಕಳ ಆಸ್ಪತ್ರೆ ತಲುಪಿದೆವು. ದೊಡ್ಡದೇನಲ್ಲ, ಬೆಳಗಾಗುವ ಹೊತ್ತಿಗೆ ಇಳಿಯಿತು. ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದ ಸದ್ದು. ನೋಡಿದರೆ ಅಕ್ಕ! ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ತಾನೇ ಕಾರು ನಡೆಸಿಕೊಂಡು, ಫ್ಲಾಸ್ಕಿನಲ್ಲಿ ಮೆಣಸಿನ ಸಾರು ತಂದಿದ್ದಳು. "ಎರಡೂವರೆ ಗಂಟೆ ಅಂತ ನಿನ್ನ ಮಗಳು ಬರೆದಿದ್ದಳಲ್ಲ, ಎರಡೂಕಾಲಿಗೇ ಬಂದೆ" ಅಂದಳು.

ಹಾಸನಕ್ಕೆ ಹಿಂತಿರುಗಿದ ಮೇಲೆ ಬೀದಿಯ ನಾಲ್ಕೂ ಮನೆಯವರು ಬಂದು ಕುಳಿತರು. "ಕಡೆಗೂ ಯಾವ ಆಸ್ಪತ್ರೆ ಸಿಕ್ತು, ಹೆಸರೇನು?" ಅಂದರು. ನಾನು ಕಾಫಿ ಕೊಟ್ಟು, ಮನೆಗೆ ಬಾಡಿಗೆ ಎಷ್ಟು ಎಂಬುದರಿಂದ ಶುರುಮಾಡಿದೆ.