ಕಾಳೆಗದ ಹೆಸರುಗಳು: ಹಳದೀಪುರ ಕರಾವಳಿಯ ನೆಲೆಯಲ್ಲಿ ಕೆಲವು ಯುದ್ಧವಾಚಕ ಪದಗಳು

ಕನ್ನಡದ ಪ್ರಾಚೀನ ಕಾವ್ಯ ಮತ್ತು ಶಾಸನಗಳಲ್ಲಿ ಹೋರಾಟವನ್ನು ಸೂಚಿಸುವ ಪದಗಳು ಹೇರಳವಾಗಿವೆ. ಕಾಳೆಗ, ಕದನ, ಅನುವರ, ಬವರ, ಸಮರ, ಸಂಗ್ರಾಮ, ಆಹವ ಮುಂತಾದುವೆಲ್ಲವನ್ನೂ 'ಯುದ್ಧ' ಎಂಬ ಒಂದೇ ಪದದಿಂದ ಅರ್ಥೈಸುವುದು ಇಂದಿನ ರೂಢಿ. ಛಂದಸ್ಸಿನ ಅಗತ್ಯಕ್ಕೆ ಕವಿಗಳು ಇವನ್ನು ಪರ್ಯಾಯವಾಗಿ ಬಳಸಿರುವುದೂ ಉಂಟು. ಆದರೆ ಹೋರಾಟದ ಕಾರಣ, ಕ್ರಮ ಮತ್ತು ನೆಲೆಯನ್ನು ಹೇಳುವ ಪದಗಳು ಹಾಗಲ್ಲ. ಅವುಗಳ ಭೇದ ಮರೆತರೆ ಇತಿಹಾಸದ ಓದೇ ತಪ್ಪುತ್ತದೆ.

ಮೊದಲನೆಯದು ಕಾರಣವನ್ನು ಹೇಳುವ ಪದಗಳು. ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಕಾಣುವ 'ತುಱುಗೋಳ್' ಎಂದರೆ ದನಗಳನ್ನು ಹಿಡಿದೊಯ್ಯುವುದು. 'ಪೆಣ್ಬುಯ್ಯಲ್' ಎಂಬುದು ಹೆಂಗಸರ ಮೊರೆ. ಅವರ ಮಾನರಕ್ಷಣೆಗಾಗಿ ನಡೆದ ಹೋರಾಟಕ್ಕೆ ಆ ಮೊರೆಯೇ ಹೆಸರಾಯಿತು. 'ಊರಳಿವು' ಊರಿನ ನಾಶ. ಈ ಸಂದರ್ಭಗಳಲ್ಲಿ ಮಡಿದವರು ಬಹುಮಟ್ಟಿಗೆ ತಮ್ಮ ಊರನ್ನು ಕಾಯಲು ನಿಂತವರು. ಇವರನ್ನು 'ಯುದ್ಧದಲ್ಲಿ ಸತ್ತ ಯೋಧರು' ಎಂದು ಸಾರಾಂಶಗೊಳಿಸಿದರೆ ಗ್ರಾಮಜೀವನದ ಚರಿತ್ರೆ ಅರಸರ ಚರಿತ್ರೆಯೊಳಗೆ ಕರಗಿಹೋಗುತ್ತದೆ. ಸಂಸ್ಕೃತ ಪರಂಪರೆಯಲ್ಲಿ ಇದೇ ಕೃತ್ಯ 'ಗೋಗ್ರಹಣ'. ವಿರಾಟಪರ್ವದಲ್ಲಿ ಕೌರವರು ಮಾಡಿದ್ದೂ ಅದನ್ನೇ. ವೀರಗಲ್ಲಿನ ಅನಾಮಿಕನಿಗೂ ಉತ್ತರಗೋಗ್ರಹಣದ ಅರ್ಜುನನಿಗೂ ಎದುರಾದ ಸಂದರ್ಭ ಒಂದೇ.

ಎರಡನೆಯದು ಕ್ರಮವನ್ನು ಹೇಳುವ ಪದಗಳು. ಕೌಟಿಲ್ಯನ ಅರ್ಥಶಾಸ್ತ್ರವು ಹೊತ್ತು ಮತ್ತು ತಾಣವನ್ನು ಗೊತ್ತುಮಾಡಿ ಬಹಿರಂಗವಾಗಿ ಹೋರಾಡುವುದನ್ನು 'ಪ್ರಕಾಶಯುದ್ಧ'ವೆಂದೂ, ವಂಚನೆಯಿಂದ ಮೇಲೆ ಬೀಳುವುದನ್ನು 'ಕೂಟಯುದ್ಧ'ವೆಂದೂ, ಗೂಢಪುರುಷರ ಮೂಲಕ ಶತ್ರುವನ್ನು ಒಡೆಯುವುದನ್ನು 'ತೂಷ್ಣೀಯುದ್ಧ'ವೆಂದೂ ವಿಂಗಡಿಸುತ್ತದೆ. ಷಾಡ್ಗುಣ್ಯದಲ್ಲಿ ಬರುವ 'ವಿಗ್ರಹ' ಇವೆಲ್ಲಕ್ಕಿಂತ ಬೇರೆ. ಅದು ಹಗೆತನದ ಸ್ಥಿತಿ. ಕೈಕೈ ಮಿಲಾಯಿಸದೆಯೂ ವಿಗ್ರಹ ಇರಬಲ್ಲದು.

ಜೈನ ಪುರಾಣಪರಂಪರೆ ಇನ್ನೊಂದು ವರ್ಗೀಕರಣವನ್ನು ಮುಂದಿಡುತ್ತದೆ. ಭರತ-ಬಾಹುಬಲಿಯರ ಸೇನೆಗಳು ಎದುರುಬದುರಾದಾಗ ಜನಕ್ಷಯ ಬೇಡವೆಂದು ಮಂತ್ರಿಗಳು ಸೂಚಿಸಿದ್ದು 'ಧರ್ಮಯುದ್ಧ'. ದೃಷ್ಟಿಯುದ್ಧ, ಜಲಯುದ್ಧ, ಬಾಹುಯುದ್ಧ ಎಂಬ ಮೂರು ಬಗೆಗಳಲ್ಲಿ ಅಣ್ಣತಮ್ಮಂದಿರಿಬ್ಬರೇ ಸೆಣಸುತ್ತಾರೆ. ಜಿನಸೇನಾಚಾರ್ಯರ ಪೂರ್ವಪುರಾಣದಿಂದ ಈ ಪ್ರಸಂಗವು ಪಂಪನ ಆದಿಪುರಾಣಕ್ಕೆ (941) ಬಂದಿದೆ. ಇಲ್ಲಿ 'ಜಲಯುದ್ಧ'ವೆಂದರೆ ಕೊಳದಲ್ಲಿ ನಿಂತು ಒಬ್ಬರ ಮುಖಕ್ಕೆ ಒಬ್ಬರು ನೀರೆರಚುವುದು. 'ಧರ್ಮಯುದ್ಧ'ವೂ ಮತದ ಹೆಸರಿನ ಸಮರವಲ್ಲ, ರಕ್ತಪಾತವನ್ನು ತಪ್ಪಿಸುವ ನಿಯಮಬದ್ಧ ಸ್ಪರ್ಧೆ. ಈ ಎರಡು ಪದಗಳ ಇಂದಿನ ಅರ್ಥವನ್ನು ಹಳಗನ್ನಡಕ್ಕೆ ಹೊರಿಸಿದರೆ ಕವಿಯ ಆಶಯವೇ ತಲೆಕೆಳಗಾಗುತ್ತದೆ.

ಮೂರನೆಯದು ನೆಲೆಯನ್ನು ಹೇಳುವ ಪದಗಳು. ಹೊನ್ನಾವರ ಮತ್ತು ಕುಮಟೆಗಳ ನಡುವಣ ಹಳದೀಪುರವು ಪಲ್ಲವ ಗೋಪಾಲದೇವನ ತಾಮ್ರಶಾಸನ ದೊರೆತ ಸ್ಥಳ. ಇದರ ಆಸುಪಾಸಿನ ರೇವುಗಳು ಶತಮಾನಗಳ ಕಾಲ ನಿಜವಾದ ಕಡಲ ಕಾಳಗಗಳನ್ನು ಕಂಡಿವೆ. 14ನೆಯ ಶತಮಾನದಲ್ಲಿ ಹೊನ್ನಾವರದ ಸುಲ್ತಾನ ಜಮಾಲುದ್ದೀನನು 52 ಹಡಗುಗಳೊಡನೆ ಗೋವೆಯ ಮೇಲೆ ಏರಿಹೋದುದನ್ನು ಇಬ್ನ್ ಬತೂತಾ ದಾಖಲಿಸಿದ್ದಾನೆ. 1505ರಲ್ಲಿ ಪೋರ್ಚುಗೀಸರು ಹೊನ್ನಾವರದ ಹಡಗುಗಳಿಗೆ ಬೆಂಕಿಯಿಟ್ಟರು. 1542ರಲ್ಲಿ ಭಟ್ಕಳವನ್ನು ಸೂರೆಮಾಡಿದರು. ಪೂರ್ವಪುರಾಣದ ಅರ್ಥದಲ್ಲಿ ಇವು ಜಲಯುದ್ಧಗಳಲ್ಲ. ಹಡಗಿನ ಕದನಕ್ಕೆ ಸಲ್ಲುವ ಹೆಸರು 'ನೌಯುದ್ಧ'. ಗೋವೆಯ ಕದಂಬರ ಕಾಲದ ವೀರಗಲ್ಲೊಂದರಲ್ಲಿ ಹಡಗಿನ ಕಾಳಗವೇ ಕೆತ್ತಲ್ಪಟ್ಟಿದೆ.

ಕೋಟೆಯ ಹೋರಾಟದಲ್ಲೂ ಭೇದವಿದೆ. 'ಲಗ್ಗೆ' ಎಂದರೆ ಒಮ್ಮೆಲೇ ಏರಿ ಹಿಡಿಯುವ ಪ್ರಯತ್ನ. 'ಮುತ್ತಿಗೆ' ಸುತ್ತುಗಟ್ಟಿ ಕಾಯುವುದು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಆಂಗ್ಲಸೇನೆ ಹೊನ್ನಾವರದ ಕೋಟೆಯನ್ನು ಪಡೆದದ್ದು ಲಗ್ಗೆಯಿಂದ. ಅನಂತರ ಅದೇ ಕೋಟೆಯಲ್ಲಿ ಕ್ಯಾಪ್ಟನ್ ಟೊರಿಯಾನೋನ ಪಡೆಯನ್ನು ಟಿಪ್ಪುವಿನ ಸೈನ್ಯ ಕಟ್ಟಿಹಾಕಿದ್ದು ಮುತ್ತಿಗೆಯಿಂದ. 1784ರ ಮಂಗಳೂರು ಒಪ್ಪಂದದೊಡನೆ ಆ ಹಗೆತನ ಮುಗಿಯಿತು. ಲಗ್ಗೆಯಲ್ಲಿ ಜನ ಆಯುಧದಿಂದ ಸಾಯುತ್ತಾರೆ, ಮುತ್ತಿಗೆಯಲ್ಲಿ ಹಸಿವು ಮತ್ತು ರೋಗಗಳಿಂದಲೂ ಸಾಯುತ್ತಾರೆ. ಪದ ಬದಲಾದರೆ ಸಾವಿನ ಸ್ವರೂಪವೂ ಬದಲಾಗುತ್ತದೆ.

ಇದೇ ಸೀಮೆಯ ಬಡಗುತಿಟ್ಟಿನ ಯಕ್ಷಗಾನ ಈ ವಿವೇಕವನ್ನು ಪ್ರಸಂಗಗಳ ಹೆಸರಿನಲ್ಲಿ ಉಳಿಸಿಕೊಂಡಿದೆ. ಸುಧನ್ವಾರ್ಜುನ ಕಾಳಗ, ಕೃಷ್ಣಾರ್ಜುನ ಕಾಳಗ ಎಂಬಲ್ಲಿ ಇಬ್ಬರು ವೀರರು ಸರಿಸಮಾನರಾಗಿ ಎದುರಾಗುತ್ತಾರೆ. ಜರಾಸಂಧ ವಧೆಯಲ್ಲಿ ಹೆಸರೇ ಫಲವನ್ನು ಹೇಳುತ್ತದೆ. ಗದಾಯುದ್ಧದಲ್ಲಿ ಆಯುಧವೇ ಹೆಸರಾಗಿದೆ. 'ಕೃಷ್ಣಾರ್ಜುನ ವಧೆ' ಎಂದು ಯಾರೂ ಹೇಳಲಾರರು.

ಆದ್ದರಿಂದ ಶಾಸನ ಅಥವಾ ಕಾವ್ಯವನ್ನು ಓದುವ ವಿದ್ಯಾರ್ಥಿ 'ಯುದ್ಧ' ಎಂದು ಟಿಪ್ಪಣಿ ಬರೆಯುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು: ಹೋರಾಟ ಯಾವುದಕ್ಕಾಗಿ? ಯಾವ ಕ್ರಮದಲ್ಲಿ? ಎಲ್ಲಿ? ತುಱುಗೋಳಿನಲ್ಲಿ ಮಡಿದವನ ಕಲ್ಲಿನ ಮೇಲೆ ಅವನ ಅರಸನ ಹೆಸರು ಅಳಿಸಿಹೋಗಿದ್ದರೂ, ಆ ಒಂದು ಪದ ಉಳಿದಿದ್ದರೆ ಅವನು ಏಕೆ ಸತ್ತನೆಂಬುದು ತಿಳಿಯುತ್ತದೆ.