ವಡ್ಡಾರಾಧನೆಯ ಕೇಳುಗ

ವಡ್ಡಾರಾಧನೆಯನ್ನು ನಾವು ಹಳಗನ್ನಡ ಗದ್ಯದ ಸೊಗಸಿಗಾಗಿ ಓದುತ್ತ ಬಂದಿದ್ದೇವೆ. ಡಿ.ಎಲ್. ನರಸಿಂಹಾಚಾರ್ಯರ ಸಂಪಾದನೆ 1949ರಲ್ಲಿ ಹೊರಬಂದ ಮೇಲೆ ವಿದ್ವಾಂಸರ ಗಮನ ಹೆಚ್ಚಾಗಿ ಕರ್ತೃ, ಕಾಲ, ಆಕರಗಳ ಕಡೆಗೇ ಹರಿಯಿತು. ಬರೆದವನು ಶಿವಕೋಟ್ಯಾಚಾರ್ಯನೋ ಭ್ರಾಜಿಷ್ಣುವೋ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಆ ಚರ್ಚೆ ಬೇಕಾದದ್ದೇ. ಆದರೆ ಈ 19 ಜೈನ ಕಥೆಗಳು ಯಾರಿಗಾಗಿ ಹುಟ್ಟಿದವು ಎಂಬುದನ್ನು ಮರೆತರೆ, ಅವು ನೋವಿನ ಬಗ್ಗೆ ಹೇಳುವುದು ನಮಗೆ ದಕ್ಕುವುದಿಲ್ಲ.

ಪ್ರತಿ ಕಥೆಯ ಮೊದಲಲ್ಲಿ ಒಂದು ಪ್ರಾಕೃತ ಗಾಹೆ, ಎಂದರೆ ಪದ್ಯ, ಇದೆ. ಇವುಗಳ ಮೂಲ ಶಿವಾರ್ಯನ ಭಗವತೀ ಆರಾಧನೆಯ ಕವಚ ಭಾಗ. ಉಪವಾಸವಿದ್ದು ದೇಹ ಬಿಡುವ ಜೈನ ವ್ರತವಾದ ಸಲ್ಲೇಖನವನ್ನು ಕೈಗೊಂಡವನು, ಎಂದರೆ ಕ್ಷಪಕ, ಹಸಿವು, ನೀರಡಿಕೆ, ಬೇನೆಗಳಿಂದ ಕಂಗೆಟ್ಟಾಗ, ಇದಕ್ಕಿಂತ ಘೋರವಾದುದನ್ನು ಸಹಿಸಿದವರನ್ನು ಆಚಾರ್ಯ ಅವನಿಗೆ ನೆನಪಿಸುವ ಸಂದರ್ಭ ಅದು. ಸಾಯುತ್ತಿರುವವನಿಗೆ ಹೇಳಿದ ಮಾತು ಇಲ್ಲಿ ಕನ್ನಡದ ಕಥೆಯಾಗಿ ಬೆಳೆದಿದೆ.

ಮೊದಲ ಕಥೆಯ ಸುಕುಮಾರ ಉಜ್ಜಯಿನಿಯ ಸಿರಿವಂತ. ಮಾಣಿಕ್ಯದ ಬೆಳಕಿನಲ್ಲೇ ಬೆಳೆದ ಅವನಿಗೆ ದೀಪ ಕಂಡರೆ ಕಣ್ಣಲ್ಲಿ ನೀರು. ಕೂತ ಕಡೆ ಸಾಸಿವೆ ಕಾಳು ಒತ್ತಿದರೂ ತಾಳಲಾರ. ಮನೆಗೆ ಬಂದ ಅರಸ ಇದನ್ನೆಲ್ಲ ರೋಗವೆಂದೇ ಬಗೆಯುತ್ತಾನೆ. ಇಂಥವನು ಒಂದು ದಿನ ಬರಿಗಾಲಲ್ಲಿ ನಡೆದು, ನೆತ್ತರು ಸುರಿಸುತ್ತ ಹೋಗಿ ವ್ರತ ಹಿಡಿಯುತ್ತಾನೆ. ಆ ನೆತ್ತರ ಜಾಡು ಹಿಡಿದು ಬಂದ ನರಿ ಮರಿಗಳೊಡನೆ ಅವನನ್ನು ಮೂರು ರಾತ್ರಿ ತಿನ್ನುತ್ತದೆ. ಅವನು ಕದಲುವುದಿಲ್ಲ. ಸಹನೆ ಹುಟ್ಟುಗುಣವಲ್ಲ ಎಂದು ಕ್ಷಪಕನಿಗೆ ಹೇಳಲು ಇದಕ್ಕಿಂತ ತಕ್ಕ ನಿದರ್ಶನ ಸಿಗಲಾರದು.

ಈ ಕಥೆಯ ತಿರುಳಿರುವುದು ಸುಕುಮಾರನ ಹಿಂದಿನ ಒಂದು ಭವದಲ್ಲಿ ಎಂದು ನನ್ನ ಎಣಿಕೆ. ಅಲ್ಲಿ ಅವನು ವಾಯುಭೂತಿ, ಅಣ್ಣ ಅಗ್ನಿಭೂತಿ. ಸೋದರಮಾವ ಸೂರ್ಯಮಿತ್ರ ನಂಟು ಮರೆಮಾಚಿ, ಭಿಕ್ಷೆ ಎತ್ತಿಸಿ, ಇಬ್ಬರಿಗೂ ಓದು ಕಲಿಸುತ್ತಾನೆ. ನಿಜ ತಿಳಿದಾಗ ಅಣ್ಣನಿಗೆ ಅದು ಉಪಕಾರವಾಗಿ ಕಂಡರೆ ತಮ್ಮನಿಗೆ ಅವಮಾನವಾಗಿ ಕಾಣುತ್ತದೆ. ಪಟ್ಟ ಕಷ್ಟ ಒಂದೇ, ಕಲಿತ ವಿದ್ಯೆಯೂ ಒಂದೇ. ತಮ್ಮನ ಹಗೆ ಬೆಳೆದು, ಕೊನೆಗೆ ಅತ್ತಿಗೆಯನ್ನೇ ಒದೆಯುವಂತೆ ಮಾಡುತ್ತದೆ. ನರಿಯಾಗಿ ಬಂದವಳು ಆ ಅತ್ತಿಗೆಯೇ. ಹೀಗೆ ಹಿಂದಿನ ಜನ್ಮಗಳನ್ನು ಹೇಳುವ ಭವಾವಳಿಗಳು ಕಥೆಗೆ ಭಾರ ಎಂಬ ಆಕ್ಷೇಪವನ್ನು ನಾನು ಒಪ್ಪಲಾರೆ. ಕಲಿತವನೂ ನೋವನ್ನು ಹಗೆಯಾಗಿಸಿಕೊಳ್ಳಬಲ್ಲ ಎಂಬುದನ್ನು ತೋರಿಸಲು ಕಥೆಗಾರನಿಗೆ ಇನ್ನೊಂದು ಜನ್ಮವೇ ಬೇಕಾಯಿತು.

ಸಲ್ಲೇಖನ ಕೈಗೊಂಡು ಈ ಮಾತುಗಳನ್ನು ಕೇಳುವ ಕ್ಷಪಕರು ಬರಿಯ ಕಲ್ಪನೆಯಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು ಕ್ರಿ.ಶ. 600ರ ಶಾಸನವೊಂದು ಪ್ರಭಾಚಂದ್ರನ ಸಮಾಧಿಯನ್ನೂ ಅನಂತರ 700 ಋಷಿಗಳು ಅದೇ ದಾರಿ ಹಿಡಿದುದನ್ನೂ ಹೇಳುತ್ತದೆ. ಸುತ್ತಲ ಬಂಡೆಗಳ ಮೇಲೆ ಮುಂದಿನ ಶತಮಾನಗಳಲ್ಲಿ ಹೀಗೆ ದೇಹ ಬಿಟ್ಟವರ ನೆನಪಿನ ನಿಸಿದಿ ಬರಹಗಳಿವೆ. ಅವುಗಳಲ್ಲಿ ಕಂತಿಯರ, ಎಂದರೆ ಜೈನ ಸನ್ಯಾಸಿನಿಯರ, ಹೆಸರುಗಳೂ ಉಂಟು. ವಡ್ಡಾರಾಧನೆಯನ್ನು ಪಾಠ ಹೇಳುವವರು ಈ ಶಾಸನಗಳನ್ನೂ ಕವಚ ಭಾಗವನ್ನೂ ಜೊತೆಗಿಟ್ಟುಕೊಂಡು ಓದಿಸಬೇಕು.