ಗಂಟೆ ಬಾರಿಸುವ ಕೈ

ನನ್ನ ಮದುವೆಗೆ ಬಂದ ತಂತಿಗಳನ್ನು ಇಂದಿಗೂ ಟ್ರಂಕಿನ ತಳದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. 1994ರ ಜೂನ್ ತಿಂಗಳು. ಮಲೆನಾಡಿನಲ್ಲಿ ಆಗಲೇ ಮಳೆ ಹಿಡಿದಿತ್ತು. ಒಟ್ಟು ಹದಿಮೂರು ತಂತಿ ಬಂದವು. ಅವುಗಳಲ್ಲಿ ಹನ್ನೆರಡರಲ್ಲಿ ಇದ್ದದ್ದು ಹೆಚ್ಚುಕಡಿಮೆ ಒಂದೇ ಹಾರೈಕೆ. ಅದೇನೂ ಆಶ್ಚರ್ಯವಲ್ಲ. ತಂತಿ ಕಚೇರಿಯಲ್ಲಿ ಶುಭಾಶಯದ ಸಿದ್ಧ ವಾಕ್ಯಗಳ ಪಟ್ಟಿಯೊಂದಿರುತ್ತಿತ್ತು. ಮದುವೆಗೊಂದು, ಹಬ್ಬಕ್ಕೊಂದು, ಪರೀಕ್ಷೆ ಪಾಸಾದವರಿಗೊಂದು. ಪ್ರತಿ ವಾಕ್ಯಕ್ಕೂ ಒಂದು ಸಂಖ್ಯೆ. ಕಳಿಸುವವರು ಸಂಖ್ಯೆ ಬರೆದರೆ ಸಾಕು, ತಂತಿಯ ಮೇಲೆ ಆ ಸಂಖ್ಯೆಯೇ ಓಡುತ್ತಿತ್ತು, ಈ ಕಡೆಯ ಕಚೇರಿಯಲ್ಲಿ ಅದು ಮತ್ತೆ ವಾಕ್ಯವಾಗುತ್ತಿತ್ತು. ಕಳಿಸುವವರಿಗೆ ಖರ್ಚು ಕಡಿಮೆ, ಇಲಾಖೆಗೆ ಶ್ರಮ ಕಡಿಮೆ.

ಹದಿಮೂರನೆಯದು ನನ್ನ ಸೋದರಮಾವನದು. ಪದಕ್ಕಿಷ್ಟು ಎಂದು ದುಡ್ಡು ಕೊಟ್ಟು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಸಿದ್ದರು: ಮಳೆಗೆ ಬಸ್ಸು ನಿಂತಿದೆ, ಮನಸ್ಸು ಅಲ್ಲೇ ಇದೆ ಮಗಳೇ. ಉಳಿದ ಹನ್ನೆರಡು ಯಾರು ಯಾರದೆಂದು ಈಗ ಕಾಗದ ಬಿಡಿಸಿ ನೋಡಿದರೇ ಗೊತ್ತಾಗುವುದು. ಮಾವನದನ್ನು ನೋಡಬೇಕಾಗಿಲ್ಲ.

ಈ ಹಳೆಯ ಕತೆ ನೆನಪಾದದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ನಮ್ಮ ಪ್ರೌಢಶಾಲೆಗೆ ಫೇಸ್‌ಬುಕ್‌ನಲ್ಲಿ ಒಂದು ಪುಟವಿದೆ. ಹಳೆಯ ವಿದ್ಯಾರ್ಥಿಗಳು ಸುಮಾರು ಎರಡು ಸಾವಿರ ಮಂದಿ ಅದನ್ನು ನೋಡುತ್ತಾರೆ. ಸಮಾಜ ಪಾಠದ ಟೀಚರ್ ಎಂಬ ಕಾರಣಕ್ಕೋ, ಅಕ್ಷರ ದುಂಡಗಿದೆ ಎಂಬ ಹಳೆಯ ಖ್ಯಾತಿಗೋ, ಅದರ ಹೊಣೆ ನನ್ನ ಹೆಗಲಿಗೆ ಬಿತ್ತು. ಶಾಲೆಯ ಕರಿಹಲಗೆಯ ಮೇಲೆ ದಿನಕ್ಕೊಂದು ನುಡಿ ಬರೆಯುವ ಪದ್ಧತಿಯನ್ನೇ ಅಲ್ಲಿಗೂ ತಂದೆ. ಆದರೆ ಬೆಳಗ್ಗೆ ಆರೂವರೆಗೆ ಒಲೆಯ ಮುಂದೆ ನಿಂತವಳಿಗೆ ಫೋನು ಹಿಡಿಯಲು ಕೈ ಎಲ್ಲಿ? ಆಗ ಸಹೋದ್ಯೋಗಿಯೊಬ್ಬರು ಉಪಾಯ ಹೇಳಿಕೊಟ್ಟರು. ಪುಟ ನಡೆಸುವವರು ಬರಹವನ್ನು ಮೊದಲೇ ಸೇರಿಸಿ, ಇಂಥ ದಿನ ಇಂಥ ಹೊತ್ತಿಗೆ ಪ್ರಕಟವಾಗಲಿ ಎಂದು ಗೊತ್ತುಮಾಡುವ ಅನುಕೂಲವನ್ನು ಫೇಸ್‌ಬುಕ್ 2012ರಲ್ಲೇ ಕೊಟ್ಟಿತ್ತು. ಭಾನುವಾರ ಒಂದು ಗಂಟೆ ಕೂತರೆ ತಿಂಗಳ ಸುಭಾಷಿತವೆಲ್ಲ ಸಾಲಾಗಿ ನಿಲ್ಲುತ್ತಿತ್ತು. ನಾನು ಹಿಗ್ಗಿದೆ.

2019ರ ಫೆಬ್ರವರಿಯ ಒಂದು ರಾತ್ರಿ ನಮ್ಮ ಗಂಟೆಯಣ್ಣ ತೀರಿಕೊಂಡರು. ಮೂವತ್ತು ವರ್ಷ ಶಾಲೆಯ ಗಂಟೆ ಬಾರಿಸಿದವರು. ಮಳೆ ಜೋರಾಗಿದ್ದರೆ, ದೂರದ ಹಳ್ಳಿಯ ಮಕ್ಕಳು ಗದ್ದೆ ಬದುವಿನಲ್ಲಿ ಇನ್ನೂ ಬರುತ್ತಿದ್ದರೆ, ಎರಡು ನಿಮಿಷ ತಡೆದು ಗಂಟೆ ಹೊಡೆಯುತ್ತಿದ್ದವರು. ಸುದ್ದಿ ರಾತ್ರಿಯೇ ಫೋನಿನಿಂದ ಫೋನಿಗೆ ಹರಡಿತು. ನಾವೆಲ್ಲ ಅವರ ಮನೆಗೆ ಹೋದೆವು. ಬೆಳಗ್ಗೆ ಆರೂವರೆಗೆ ಸರಿಯಾಗಿ ಶಾಲೆಯ ಪುಟದಲ್ಲಿ, ನಗುವ ಸೂರ್ಯನ ಚಿತ್ರದೊಡನೆ, ನಾನು ಮೂರು ವಾರದ ಹಿಂದೆ ಸೇರಿಸಿದ್ದ ಮಾತು ಪ್ರಕಟವಾಯಿತು: ಶುಭೋದಯ, ಇಂದಿನ ದಿನವನ್ನು ನಗುನಗುತ್ತ ಆರಂಭಿಸೋಣ!

ಹಳೆಯ ವಿದ್ಯಾರ್ಥಿನಿಯೊಬ್ಬಳು ಅದರ ಕೆಳಗೆ ಬರೆದಳು: ಟೀಚರ್, ಇದನ್ನು ನೀವೇ ಬರೆದದ್ದಾ? ನಾನು ನೋಡಿದ್ದು ಮಧ್ಯಾಹ್ನ, ಮಣ್ಣು ಮಾಡಿ ಬಂದ ಮೇಲೆ. ಅಳಿಸಿದೆ, ಕ್ಷಮೆ ಕೇಳಿದೆ. ಯಾರೂ ಜಗಳವಾಡಲಿಲ್ಲ. ಆದರೆ ದಿನವೂ ನಾಲ್ಕು ಮಾತು ಬರೆಯುತ್ತಿದ್ದ ಹಲವರು ಆಮೇಲೆ ಬರೆಯುವುದನ್ನು ನಿಲ್ಲಿಸಿದರು. ಬೈದಿದ್ದರೆ ಸಹಿಸಬಹುದಿತ್ತು.

ಆ ನೋವಿನಲ್ಲಿ ನಾನು, ನನ್ನ ಅಭ್ಯಾಸದಂತೆ, ಇತಿಹಾಸವನ್ನು ಕೆದಕತೊಡಗಿದೆ. ಮೊದಲೇ ಸಿದ್ಧಪಡಿಸಿದ ಮಾತನ್ನು ಯಂತ್ರದ ಕೈಗೆ ಕೊಟ್ಟು ಪಶ್ಚಾತ್ತಾಪ ಪಟ್ಟವಳು ನಾನೊಬ್ಬಳೇ ಅಲ್ಲವಷ್ಟೆ?

ಮೊದಲು ಆಕಾಶವಾಣಿ. ಆ ಹೆಸರಿನ ಬಾನುಲಿ ಶುರುವಾದದ್ದು ನಮ್ಮ ಮೈಸೂರಿನಲ್ಲಿ, 1935ರಲ್ಲಿ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಅದನ್ನು ನಡೆಸಿದರು. ಮುಂದೆ ಧ್ವನಿಮುದ್ರಣ ಬಂದು, ವಾರದ ಕಾರ್ಯಕ್ರಮವೆಲ್ಲ ಮೊದಲೇ ಸಿದ್ಧವಾಗಿರುವ ಕಾಲ ಬಂತು. ಆದರೆ 1984ರ ಅಕ್ಟೋಬರ್ 31 ನನಗೆ ಚೆನ್ನಾಗಿ ನೆನಪಿದೆ. ಇಂದಿರಾ ಗಾಂಧಿಯವರ ಹತ್ಯೆಯ ಸುದ್ದಿಯನ್ನು ಆಕಾಶವಾಣಿ ಸಂಜೆ ಹೇಳಿತು. ಆಮೇಲೆ ಕೆಲವು ದಿನ ಚಿತ್ರಗೀತೆಯಿಲ್ಲ, ಹಾಸ್ಯವಿಲ್ಲ. ಬರೀ ಶೋಕದ ವಾದ್ಯಸಂಗೀತ. ಸಿದ್ಧವಾಗಿದ್ದುದನ್ನು ಬದಿಗಿಡಲು ಗುಂಡಿಯ ಪಕ್ಕ ಒಬ್ಬ ಮನುಷ್ಯ ಕೂತಿದ್ದ. ಅದು ಎಷ್ಟು ದೊಡ್ಡ ಮಾತೆಂದು ನನಗೆ ಆಗ ಹೊಳೆದಿರಲಿಲ್ಲ.

ಕಂಪ್ಯೂಟರಿನ ಕತೆ ಬೇರೆ. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಎಂಬವರು, ಇಂಟರ್‌ನೆಟ್ಟಿನ ಪೂರ್ವಜವಾದ ಅರ್ಪಾನೆಟ್‌ನಲ್ಲಿದ್ದ ಸುಮಾರು 400 ಮಂದಿಗೆ ಒಂದೇ ಜಾಹೀರಾತು ಪತ್ರವನ್ನು ಒಟ್ಟಿಗೆ ಕಳಿಸಿದರು. ವಿಳಾಸಗಳು ಎಷ್ಟೆಂದರೆ, ವಿಳಾಸದ ಜಾಗ ತುಂಬಿ ಪತ್ರದ ಒಡಲಿಗೇ ಇಳಿದಿದ್ದವು. ಪಡೆದವರು ರೇಗಿದರು. ಒಬ್ಬೊಬ್ಬರಿಗೂ ಬರೆಯುವ ಶ್ರಮ ಉಳಿಸಿದ ಆ ಪತ್ರವನ್ನೇ ಇಂದು ಜಗತ್ತು ಮೊದಲ ಬೇಡದ ಮಿಂಚಂಚೆ ಎಂದು ಗುರುತಿಸುತ್ತದೆ.

ಫೇಸ್‌ಬುಕ್ 2004ರಲ್ಲಿ, ಟ್ವಿಟರ್ 2006ರಲ್ಲಿ ಬಂದವು. ಹಿಂದೆಯೇ 2008ರಲ್ಲಿ ಟ್ವೀಟ್‌ಡೆಕ್, ಹೂಟ್‌ಸೂಟ್ ಎಂಬ ಸಲಕರಣೆಗಳು ಬಂದವು. 2010ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಜೋಯೆಲ್ ಗ್ಯಾಸ್ಕಾಯ್ನ್ ಎಂಬ ಯುವಕ ಬಫರ್ ಎಂಬುದನ್ನು ಕಟ್ಟಿದ. ದಿನದ ಯಾವ ಯಾವ ಹೊತ್ತಿಗೆ ಎಂದು ಒಮ್ಮೆ ಹೇಳಿಟ್ಟರೆ, ಸಾಲಿನಲ್ಲಿ ನಿಲ್ಲಿಸಿದ ಬರಹಗಳನ್ನು ಅದು ಒಂದೊಂದಾಗಿ ಬಿಡುತ್ತಿತ್ತು. ಇದನ್ನು ಸೋಮಾರಿತನ ಎನ್ನಲಾರೆ. ಒಬ್ಬರೇ ಅಂಗಡಿ, ಪತ್ರಿಕೆ, ಶಾಲೆ ನಡೆಸುವವರಿಗೆ ಅದು ಹೆಚ್ಚುವರಿ ಕೈ. ಆದರೆ ಆ ಕೈಗೆ ಕಣ್ಣಿರಲಿಲ್ಲ.

2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬು ಸಿಡಿದಾಗ, ಜನ ಬಂಧುಗಳನ್ನು ಹುಡುಕುತ್ತಿದ್ದ ಅದೇ ಟ್ವಿಟರಿನಲ್ಲಿ, ಮೊದಲೇ ಗೊತ್ತುಮಾಡಿದ್ದ ಜಾಹೀರಾತುಗಳೂ ಹೊರಬೀಳುತ್ತಿದ್ದವು. ಸಾಲನ್ನು ನಿಲ್ಲಿಸಿ, ಸಾಲನ್ನು ನಿಲ್ಲಿಸಿ ಎಂದು ಆ ಕೆಲಸದವರೇ ಒಬ್ಬರಿಗೊಬ್ಬರು ಕೂಗಿ ಹೇಳಬೇಕಾಯಿತು. 2014ರ ನವೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎಂಬ ಅಮೆರಿಕದ ಫುಟ್‌ಬಾಲ್ ತಂಡ, ಹತ್ತು ಲಕ್ಷ ಅನುಯಾಯಿಗಳಾದ ಸಂತೋಷಕ್ಕೆ, ಅಭಿಮಾನಿಯ ಖಾತೆಯ ಹೆಸರನ್ನು ತಂಡದ ಅಂಗಿಯ ಚಿತ್ರದ ಮೇಲೆ ತಾನಾಗಿಯೇ ಮೂಡಿಸಿ ಧನ್ಯವಾದ ಹೇಳುವ ವ್ಯವಸ್ಥೆ ಮಾಡಿತು. ಯಾರೋ ಜನಾಂಗ ನಿಂದನೆಯ ಪದವನ್ನೇ ಖಾತೆಗೆ ಹೆಸರಾಗಿಟ್ಟುಕೊಂಡಿದ್ದ. ಯಂತ್ರ ಅದನ್ನೂ ಆದರದಿಂದ ಅಂಗಿಯ ಮೇಲೆ ಮೂಡಿಸಿತು. ತಂಡ ಕ್ಷಮೆ ಕೇಳಿತು. 2018ರ ಫೆಬ್ರವರಿಯಲ್ಲಿ ಟ್ವಿಟರ್ (2023ರಿಂದ ಅದರ ಹೆಸರು ಎಕ್ಸ್) ಒಂದೇ ಮಾತನ್ನು ಹಲವು ಖಾತೆಗಳಿಂದ ಏಕಕಾಲಕ್ಕೆ ಹಾಕುವುದನ್ನು ನಿಷೇಧಿಸಿತು.

ನಮ್ಮ ದೇಶದಲ್ಲಿ ಯಂತ್ರ ಬೇಕಾಗಲೇ ಇಲ್ಲ. ನಮ್ಮ ಹೆಬ್ಬೆರಳೇ ಯಂತ್ರವಾಯಿತು. ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದೂಡಬಹುದೆಂದು 2018ರ ಜುಲೈನಲ್ಲಿ ಮಿತಿ ಹಾಕಿತು. ಗಾಳಿಸುದ್ದಿ ನಂಬಿ ಜನ ಅಮಾಯಕರನ್ನು ಹೊಡೆದು ಕೊಂದ ಘಟನೆಗಳು ಅದಕ್ಕೆ ಕಾರಣ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ, ಯಾರಿಗೆ ಫೋನು ಮಾಡಿದರೂ ಮೊದಲು ಕೆಮ್ಮು ಕೇಳುತ್ತಿತ್ತು, ಆಮೇಲೆ ಎಚ್ಚರಿಕೆಯ ಮಾತು. ಮೊದಲ ವಾರ ಶ್ರದ್ಧೆಯಿಂದ ಕೇಳಿದೆವು. ಆಮೇಲೆ, ಆಸ್ಪತ್ರೆಗೆ ಅವಸರದಲ್ಲಿ ಫೋನು ಮಾಡುವಾಗಲೂ ಆ ಮಾತು ಮುಗಿಯುವವರೆಗೆ ಹಲ್ಲು ಕಚ್ಚಿ ಕಾಯುತ್ತಿದ್ದೆವು. ಹೇಳಿದ್ದು ಹಿತವೇ. ಕೇಳುವವರ ಸ್ಥಿತಿ ಹೇಳುವ ಯಂತ್ರಕ್ಕೆ ತಿಳಿಯದು, ಅಷ್ಟೆ.

ಇಷ್ಟೆಲ್ಲ ಓದಿದ ಮೇಲೆ ನಾನು ಆ ಅನುಕೂಲವನ್ನು ಬಿಟ್ಟೆನೆಂದು ಓದುಗರು ಭಾವಿಸಬಾರದು. ಬಿಡಲಿಲ್ಲ, ಗೆರೆ ಎಳೆದೆ. ಪರೀಕ್ಷೆಯ ವೇಳಾಪಟ್ಟಿ, ಶುಲ್ಕದ ಕೊನೆಯ ದಿನ, ವಾರ್ಷಿಕೋತ್ಸವದ ಹೊತ್ತು, ಇಂಥವು ಸಾಲಿನಲ್ಲಿ ನಿಲ್ಲಲಿ. ನಗು, ಅಳು, ಹಾರೈಕೆ, ಸಂತಾಪ ಇವನ್ನು ಆಯಾ ದಿನವೇ ಬರೆಯುವುದು. ಬಿಡುವಿಲ್ಲದಿದ್ದರೆ ಬರೆಯದೆ ಇರುವುದು. ರಾತ್ರಿ ದೀಪ ಆರಿಸುವ ಮೊದಲು ನಾಳೆ ಹೊರಡುವುದನ್ನು ಒಮ್ಮೆ ಓದುತ್ತೇನೆ, ಬೆಳಗಿನ ಪಾಲಿಗೆ ಅಕ್ಕಿ ನೆನೆಹಾಕಿದ್ದೇನೆಯೇ ಎಂದು ನೋಡುವ ಹಾಗೆ. ಸಾಲನ್ನು ನಿಲ್ಲಿಸುವುದು ಹೇಗೆಂದು ನನ್ನೊಬ್ಬಳಿಗಲ್ಲ, ಇನ್ನಿಬ್ಬರು ಸಹೋದ್ಯೋಗಿಗಳಿಗೂ ಕಲಿಸಿದ್ದೇನೆ. ಫೇಸ್‌ಬುಕ್ಕಿಗೆ ಬರೆದದ್ದನ್ನೇ ವಾಟ್ಸಾಪ್ ಗುಂಪಿಗೂ ಸುರಿಯುವುದಿಲ್ಲ. ಎರಡೂ ಕಡೆ ಇರುವವರಿಗೆ ಒಂದೇ ಊಟ ಎರಡು ಸಲ ಬಡಿಸಿದಂತಾಗುತ್ತದೆ. ಮುಖ್ಯವಾದದ್ದು ಇನ್ನೊಂದು: ಯಾರಾದರೂ ಕೆಳಗೆ ಒಂದು ಮಾತು ಬರೆದರೆ ಉತ್ತರವನ್ನು ನನ್ನ ಕೈಯಲ್ಲೇ, ಅವರ ಹೆಸರು ಹಿಡಿದು ಬರೆಯುತ್ತೇನೆ. ಮಾತು ಹೊರಡುವಾಗ ನಾನಿಲ್ಲದಿದ್ದರೂ ನಡೆದೀತು, ಉತ್ತರ ಬಂದಾಗ ಇಲ್ಲದಿದ್ದರೆ ಅದು ಪಟ್ಟಿಯ ಸಂಖ್ಯೆ ಮಾತ್ರ.

ದಿನದ ಸುಭಾಷಿತ ಹೋಗಿ ಈಗ ವಾರಕ್ಕೆ ಎರಡೇ ಬರಹ. ನೋಡುವವರು ಕಡಿಮೆಯಾದರೋ ಹೆಚ್ಚಾದರೋ ಲೆಕ್ಕವಿಟ್ಟಿಲ್ಲ. ಅಂದು ನನ್ನನ್ನು ಕೇಳಿದ ಆ ಹುಡುಗಿ ಮತ್ತೆ ಬರೆಯುತ್ತಿದ್ದಾಳೆ.

ತಂತಿಯ ಕತೆ ಮುಗಿಸಿಬಿಡುತ್ತೇನೆ. 1850ರಲ್ಲಿ ಕಲ್ಕತ್ತ ಮತ್ತು ಡೈಮಂಡ್ ಹಾರ್ಬರ್ ನಡುವೆ ಪ್ರಯೋಗಕ್ಕೆಂದು ಎಳೆದ ಎಳೆಯಿಂದ ಶುರುವಾದ ನಮ್ಮ ದೇಶದ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಸಂಖ್ಯೆಗಳ ಪಟ್ಟಿಯೂ ಅದರೊಂದಿಗೇ ಹೋಯಿತು. ನಮ್ಮ ಶಾಲೆಯಲ್ಲಿ ಈಗ ವಿದ್ಯುತ್ ಗಂಟೆ, ಕ್ಷಣವೂ ತಪ್ಪುವುದಿಲ್ಲ. ಮೊನ್ನೆ ಜಡಿಮಳೆಯ ಬೆಳಗ್ಗೆ ಅದು ಬಾರಿಸಿದಾಗ ಕಿಟಕಿಯಿಂದ ನೋಡಿದೆ. ಗದ್ದೆಯ ಆಚೆ ನಾಲ್ಕು ಕೊಡೆಗಳು ಓಡುತ್ತಾ ಬರುತ್ತಿದ್ದವು. ಹಾಜರಿ ಪುಸ್ತಕವನ್ನು ತೆರೆಯದೆ, ಸುಮ್ಮನೆ ಎರಡು ನಿಮಿಷ ಕೂತೆ.